ಏರಿ ಬಿರಿದಾಗ ಮಣ್ಣು ಹೊರುವವರು

2025ರ ಜನವರಿ ಮುಗಿದು ಫೆಬ್ರವರಿ ಕಾಲಿಡುವ ಹೊತ್ತು. ಕುಣಿಗಲ್, ಗುಬ್ಬಿ, ತುಮಕೂರು, ಎಲ್ಲಿಯ ಉಪನೋಂದಣಾಧಿಕಾರಿ ಕಚೇರಿಗೆ ಹೋದರೂ ಒಂದೇ ಉತ್ತರ: ಸರ್ವರ್ ಡೌನ್. ಜಮೀನು ಮಾರಿ ಮನೆಯ ಮದುವೆ ಮುಗಿಸಬೇಕಾದವರು, ಬ್ಯಾಂಕ್ ಸಾಲಕ್ಕೆ ಋಣಭಾರ ಪತ್ರ ಬೇಕಾದವರು, ಸಾಕ್ಷಿಗಳನ್ನು ಒಪ್ಪಿಸಿ ಕರೆತಂದವರು, ಎಲ್ಲರೂ ಬಂದ ದಾರಿ ಹಿಡಿದು ವಾಪಸಾಗಬೇಕಾಯಿತು. ದಿನಕ್ಕೆ ಸಾವಿರಾರು ಪತ್ರ ನೋಂದಣಿಯಾಗುವ ರಾಜ್ಯದಲ್ಲಿ ಆ ಸಂಖ್ಯೆ ಕೆಲವೇ ನೂರಕ್ಕೆ ಕುಸಿದ ದಿನಗಳೂ ಇದ್ದವು.

ಸರ್ಕಾರಿ ಕಚೇರಿಯಲ್ಲಿ ಈ ಎರಡು ಪದ ಕೇಳಿ ಕೇಳಿ ಜನರ ಕಿವಿ ತೂತು ಬಿದ್ದಿದೆ. ಆದರೆ ಆ ವಾರದ್ದು ಎಂದಿನ ತೊಂದರೆಯಾಗಿರಲಿಲ್ಲ. ಆಸ್ತಿ ನೋಂದಣಿಯ ‘ಕಾವೇರಿ 2.0’ ತಂತ್ರಾಂಶದ ಮೇಲೆ ಯಾರೋ ಬೇಕೆಂದೇ ದಾಳಿ ನಡೆಸಿದ್ದರು. ಕಂದಾಯ ಇಲಾಖೆ ನೀಡಿದ ವಿವರದ ಪ್ರಕಾರ 62 ನಕಲಿ ಖಾತೆಗಳು, 14 ಐಪಿ ವಿಳಾಸಗಳು. ಎರಡೇ ಗಂಟೆಯಲ್ಲಿ ಋಣಭಾರ ಪತ್ರ ಹುಡುಕುವ ನೆಪದಲ್ಲಿ 6.2 ಲಕ್ಷ ಕೋರಿಕೆಗಳು. ತಂತ್ರಜ್ಞರು ಇದನ್ನು ‘ಡಿಡಾಸ್’ ದಾಳಿ ಎನ್ನುತ್ತಾರೆ. ಸಿದ್ಧಗಂಗೆಯ ಜಾತ್ರೆಯ ದಿನ ಬಸ್ ನಿಲ್ದಾಣದ ಒಂದೇ ಕೌಂಟರಿಗೆ ಸಾವಿರ ಮಂದಿ ಮುಗಿಬಿದ್ದು, ಒಬ್ಬರೂ ಟಿಕೆಟ್ ಕೊಳ್ಳದೆ ‘ಬಸ್ಸು ಎಷ್ಟು ಹೊತ್ತಿಗೆ’ ಎಂದು ಮತ್ತೆ ಮತ್ತೆ ಕೇಳುತ್ತಿದ್ದರೆ ಹೇಗೋ ಹಾಗೆ. ಅಲ್ಲಿ ಕಳ್ಳತನವಿಲ್ಲ, ಬೀಗ ಮುರಿಯುವುದಿಲ್ಲ. ನಿಜವಾಗಿ ಊರಿಗೆ ಹೋಗಬೇಕಾದವನಿಗೆ ಮಾತ್ರ ಕೌಂಟರ್ ಕಾಣುವುದಿಲ್ಲ.

ಎಫ್‌ಐಆರ್ ದಾಖಲಾಯಿತು, ತಂತ್ರಾಂಶ ಮತ್ತೆ ನಿಂತಿತು. ಆದರೆ ಆ ದಿನಗಳಲ್ಲಿ ತುಮಕೂರಿನ ಬಿ.ಎಚ್. ರಸ್ತೆಯಲ್ಲೋ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೋ ಕುಳಿತಿದ್ದ, ಇಂಥ ದಾಳಿಯನ್ನು ತಡೆಯುವುದೇ ಕಸುಬಾಗಿರುವ ಒಬ್ಬ ಎಂಜಿನಿಯರ್ ‘ನನ್ನ ಕೈಲಾದ್ದು ಮಾಡುತ್ತೇನೆ’ ಎಂದು ಮುಂದೆ ಬರಲು ಬಯಸಿದ್ದರೆ, ಅವನು ಯಾವ ಬಾಗಿಲು ತಟ್ಟಬೇಕಿತ್ತು? ಈ ಪ್ರಶ್ನೆಗೆ ಕರ್ನಾಟಕದ ಬಳಿ ಸರಿಯಾದ ಉತ್ತರವಿಲ್ಲ. ನಾಡಿನ ಮೂಲೆ ಮೂಲೆಯ ಪಹಣಿಯೂ ಪಿಂಚಣಿಯೂ ಕಂಪ್ಯೂಟರಿಗೆ ಬಂದಿರುವಾಗ, ಐಟಿ ರಾಜಧಾನಿ ಎಂದು ಹೆಸರಾದ ರಾಜ್ಯಕ್ಕೆ ಇದು ದೊಡ್ಡ ಕೊರತೆ.

ಈ ಉತ್ತರವನ್ನು ಹುಡುಕಿಕೊಂಡ ದೇಶವೊಂದಿದೆ. ಅದರ ಜನಸಂಖ್ಯೆ ತುಮಕೂರು ಜಿಲ್ಲೆಯ ಅರ್ಧದಷ್ಟು. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯಲ್ಲಿ 26.78 ಲಕ್ಷ ಜನರಿದ್ದರೆ, ಬಾಲ್ಟಿಕ್ ಕಡಲ ದಂಡೆಯ ಎಸ್ಟೋನಿಯಾದಲ್ಲಿ ಇರುವುದು ಸುಮಾರು 13 ಲಕ್ಷ. ಸೋವಿಯತ್ ಕಾಲದ ಸೈನಿಕನ ಕಂಚಿನ ಪ್ರತಿಮೆಯೊಂದನ್ನು ರಾಜಧಾನಿ ಟ್ಯಾಲಿನ್‌ನ ನಡುವಿನಿಂದ ಸ್ಥಳಾಂತರಿಸಿದ ಜಗಳದ ಬೆನ್ನಲ್ಲೇ, 2007ರ ಏಪ್ರಿಲ್ 27ರಿಂದ ಸುಮಾರು ಮೂರು ವಾರ ಆ ದೇಶದ ಸರ್ಕಾರ, ಬ್ಯಾಂಕು, ಪತ್ರಿಕೆಗಳ ಜಾಲತಾಣಗಳ ಮೇಲೆ ದಾಳಿ ನಡೆಯಿತು. ಆಯುಧ ಬಹುಪಾಲು ಕಾವೇರಿಯ ಮೇಲೆ ಬಳಸಿದ್ದೇ, ಡಿಡಾಸ್. ಸರ್ಕಾರದ ತುರ್ತು ತಂಡದಲ್ಲಿ ಇದ್ದದ್ದು ಬೆರಳೆಣಿಕೆಯ ಮಂದಿ. ಬ್ಯಾಂಕುಗಳ, ದೂರವಾಣಿ ಕಂಪನಿಗಳ ಎಂಜಿನಿಯರುಗಳು ತಾವಾಗಿ ಕೈಜೋಡಿಸಿದರು. ಒಬ್ಬರಿಗೊಬ್ಬರು ಮೊದಲೇ ಪರಿಚಯವಿದ್ದದ್ದರಿಂದ ಫೋನೆತ್ತಿ ಕರೆಯಲು ಆದೇಶಪತ್ರ ಬೇಕಾಗಲಿಲ್ಲ.

ಎಸ್ಟೋನಿಯಾ ದೊಡ್ಡದಾಗಿ ಕಾಣುವುದು ಆಮೇಲೆ ಮಾಡಿದ ಕೆಲಸದಲ್ಲಿ. ಆಪತ್ತಿನಲ್ಲಿ ಕೂಡಿದ ಆ ಬಳಗವನ್ನು ಚದುರಿಹೋಗಲು ಬಿಡದೆ, 2011ರಲ್ಲಿ ತನ್ನ ಸ್ವಯಂಸೇವಕ ರಕ್ಷಣಾ ದಳದೊಳಗೆ ಸೈಬರ್ ಘಟಕವಾಗಿ ಕಟ್ಟಿತು. ವಾರವಿಡೀ ಬ್ಯಾಂಕಿನಲ್ಲೋ ಕಂಪನಿಯಲ್ಲೋ ದುಡಿಯುವವರು ಸಂಜೆ, ವಾರಾಂತ್ಯಗಳಲ್ಲಿ ಸೇರಿ ತಾಲೀಮು ನಡೆಸುತ್ತಾರೆ. ಸೇರುವ ಮೊದಲು ಅವರ ಹಿನ್ನೆಲೆಯ ತಪಾಸಣೆಯಾಗುತ್ತದೆ. ಎಲ್ಲರೂ ಕಂಪ್ಯೂಟರ್ ಪಂಡಿತರಲ್ಲ. ವಕೀಲರೂ ಅರ್ಥಶಾಸ್ತ್ರಜ್ಞರೂ ಇದ್ದಾರೆ. ದಾಳಿಯ ಹೊತ್ತಿನಲ್ಲಿ ಕಾನೂನು ಏನು ಹೇಳುತ್ತದೆ ಎಂಬುದೂ ಯಾರಿಗಾದರೂ ಗೊತ್ತಿರಬೇಕಲ್ಲ.

ತುಮಕೂರು ಸೀಮೆಯವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಜನಪದ ಹಾಡಿನಿಂದ ನಾಡಿಗೆಲ್ಲ ಗೊತ್ತಾದ ಕುಣಿಗಲ್ ಕೆರೆಯನ್ನೇ ನೆನೆಯಿರಿ. ಕೆರೆ ಕಟ್ಟಿದ ಊರುಗಳಲ್ಲಿ ದಿನನಿತ್ಯದ ತೂಬಿನ ಲೆಕ್ಕಕ್ಕೆ ನೀರುಗಂಟಿ ಇರುತ್ತಿದ್ದ. ಕೋಡಿ ಹರಿದು ಏರಿ ಬಿರಿಯುವ ಭಯ ಹುಟ್ಟಿದ ರಾತ್ರಿ ಮಂಕರಿ, ಗುದ್ದಲಿ ಹಿಡಿದು ಇಡೀ ಊರು ಏರಿಯ ಮೇಲಿರುತ್ತಿತ್ತು. ನೀರುಗಂಟಿ ಬೇಕು, ಊರೂ ಬೇಕು. ಯಾರು ಎಲ್ಲಿ ಮಣ್ಣು ಹಾಕಬೇಕು ಎಂದು ಹೇಳುವ ಹಿರಿಯನೊಬ್ಬ ಇಲ್ಲದಿದ್ದರೆ ಬಂದ ನೂರು ಜನ ಒಬ್ಬರ ಕಾಲಿಗೊಬ್ಬರು ತೊಡರುತ್ತಾರೆ.

ನಮ್ಮಲ್ಲಿ ನೀರುಗಂಟಿಗಳ ವ್ಯವಸ್ಥೆ ನಿಧಾನವಾಗಿಯಾದರೂ ಬೆಳೆದಿದೆ. ದೇಶದ ಮಟ್ಟದಲ್ಲಿ ಸೈಬರ್ ದಾಳಿಗಳಿಗೆ ಸ್ಪಂದಿಸಲು 2004ರಿಂದ ‘ಸರ್ಟ್-ಇನ್’ ಇದೆ. ವಿದ್ಯುತ್, ಬ್ಯಾಂಕ್, ದೂರಸಂಪರ್ಕದಂಥ ಜೀವನಾಡಿಗಳನ್ನು ಕಾಯಲು 2014ರಲ್ಲಿ ‘ಎನ್‌ಸಿಐಐಪಿಸಿ’ ಬಂತು. ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ‘ಸೈಸೆಕ್’ ಎಂಬ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರವಿದೆ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದು ಜಿಲ್ಲೆಗೊಂದರಂತೆ ‘ಸೆನ್’ ಠಾಣೆಗಳು ಬಂದವು. 2024ರ ಆಗಸ್ಟ್ 1ರಂದು ರಾಜ್ಯದ ಸೈಬರ್ ಭದ್ರತಾ ನೀತಿ ಹೊರಬಂತು. ಐದು ವರ್ಷಕ್ಕೆ ಅಂದಾಜು 103.87 ಕೋಟಿ ರೂಪಾಯಿ. 2025ರಲ್ಲಿ ಸೈಬರ್ ಅಪರಾಧಗಳಿಗೆಂದೇ ಡಿಜಿಪಿ ದರ್ಜೆಯ ಅಧಿಕಾರಿಯ ಕೈಕೆಳಗೆ ಪ್ರತ್ಯೇಕ ಕಮಾಂಡ್ ಘಟಕ ರಚನೆಯಾಯಿತು. ಇವೆಲ್ಲ ಸಂಬಳದ ಕಾವಲು. ಊರಿನವರು ಎಲ್ಲಿ?

ಕಾಗದದ ಮೇಲೆ ಊರಿನವರಿಗೂ ಒಂದು ಜಾಗವಿದೆ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ‘ಸೈಬರ್ ಸ್ವಯಂಸೇವಕ’ ಯೋಜನೆಯೊಂದನ್ನು ನಡೆಸುತ್ತದೆ. ಅದರಲ್ಲಿ ಮೂರು ಬಗೆ: ಕಾನೂನುಬಾಹಿರ ಪೋಸ್ಟ್‌ಗಳನ್ನು ಗುರುತಿಸಿ ಹೇಳುವವರು, ಜಾಗೃತಿ ಮೂಡಿಸುವವರು ಮತ್ತು ಸೈಬರ್ ತಜ್ಞರು. ಮೊದಲ ಬಗೆಯ ಬಗ್ಗೆ ಡಿಜಿಟಲ್ ಹಕ್ಕುಗಳ ಪರ ದನಿಯೆತ್ತುವ ಸಂಘಟನೆಗಳು 2021ರಲ್ಲೇ ಆಕ್ಷೇಪಿಸಿದ್ದವು. ನೆರೆಯವನ ಮಾತಿನ ಮೇಲೆ ನೆರೆಯವನನ್ನೇ ಕಾವಲಿಗೆ ಬಿಟ್ಟಂತಾಗುತ್ತದೆ ಎಂಬುದು ಅವರ ಆತಂಕ. ಆ ಆತಂಕದಲ್ಲಿ ಹುರುಳಿದೆ. ಬಿರಿದ ಏರಿಗೆ ಮಣ್ಣು ಹೊರುವುದು ಒಂದು ಕೆಲಸ, ಕೆರೆಯ ದಂಡೆಯಲ್ಲಿ ಯಾರು ಏನು ಮಾತಾಡಿದರು ಎಂದು ವರದಿ ಮಾಡುವುದು ಇನ್ನೊಂದು. ಎರಡನ್ನೂ ‘ಸ್ವಯಂಸೇವೆ’ ಎಂಬ ಒಂದೇ ಬುಟ್ಟಿಗೆ ಹಾಕಿದ್ದರಿಂದ ನಿಜಕ್ಕೂ ಬೇಕಾಗಿದ್ದ ಮೂರನೆಯ ಬಗೆ, ಅಂದರೆ ತಜ್ಞರ ಬಗೆ, ಮಂಕಾಯಿತು.

ಪಕ್ಕದ ಕೇರಳ ಬೇರೆ ಹಾದಿ ಹಿಡಿಯಿತು. 2016ರಲ್ಲಿ ತಿರುವನಂತಪುರದ ಟೆಕ್ನೊಪಾರ್ಕಿನಲ್ಲಿ ಅಲ್ಲಿನ ಪೊಲೀಸರು ‘ಸೈಬರ್‌ಡೋಮ್’ ತೆರೆದು ಐಟಿ ಉದ್ಯೋಗಿಗಳನ್ನೂ ಎಥಿಕಲ್ ಹ್ಯಾಕರುಗಳನ್ನೂ ಸ್ವಯಂಸೇವಕರಾಗಿ ಸೇರಿಸಿಕೊಂಡರು. ಕಮಾಂಡರ್, ಡೆಪ್ಯುಟಿ ಕಮಾಂಡರ್ ಎಂಬ ಪದವಿಗಳನ್ನೂ ಕೊಟ್ಟರು. ಸಂಬಳವಿಲ್ಲದ ಕೆಲಸಕ್ಕೆ ಮರ್ಯಾದೆಯೇ ಕೂಲಿ ಎಂಬುದನ್ನು ಅವರು ಅರಿತಿದ್ದರು.

ಕರ್ನಾಟಕದಲ್ಲಿ ಸಹಾಯಕ್ಕೆ ಬಂದವರ ಅನುಭವ ಅಷ್ಟು ಸಿಹಿಯಲ್ಲ. 2015ರ ಜೂನ್‌ನಲ್ಲಿ ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ.ಎನ್. ತಮ್ಮದೇ ಬ್ಲಾಗನ್ನು ಮೊಬೈಲ್ ಇಂಟರ್ನೆಟ್ಟಿನಲ್ಲಿ ತೆರೆದಾಗ, ತಾವು ಬರೆಯದ ಕೋಡಿನ ತುಣುಕೊಂದು ಪುಟದೊಳಗೆ ಸೇರಿಕೊಂಡಿರುವುದನ್ನು ಕಂಡರು. ಗ್ರಾಹಕ ನೋಡುವ ಪುಟಕ್ಕೆ ದಾರಿಯಲ್ಲೇ ಯಾರೋ ಕೈ ಹಾಕುತ್ತಿದ್ದರು. ಕಂಡದ್ದನ್ನು ಪುರಾವೆ ಸಮೇತ ಎಲ್ಲರ ಮುಂದಿಟ್ಟರು. ಕೆಲವೇ ದಿನಗಳಲ್ಲಿ ಅವರಿಗೆ ಸಿಕ್ಕಿದ್ದು ಆ ಕೋಡನ್ನು ತಯಾರಿಸಿದ ಇಸ್ರೇಲಿ ಕಂಪನಿಯ ವಕೀಲರ ನೋಟಿಸು.

ಎರಡು ವರ್ಷದ ನಂತರದ್ದು ಇನ್ನೂ ದೊಡ್ಡ ಪ್ರಕರಣ. ಬೆಂಗಳೂರಿನ ‘ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ’ ಸಂಸ್ಥೆಗಾಗಿ ಅಂಬರ್ ಸಿನ್ಹಾ ಮತ್ತು ಶ್ರೀನಿವಾಸ್ ಕೊಡಲಿ ಸಿದ್ಧಪಡಿಸಿದ ವರದಿ 2017ರ ಮೇ 1ರಂದು ಹೊರಬಂತು. ಪಿಂಚಣಿ, ನರೇಗಾದಂಥ ಯೋಜನೆಗಳ ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಯಾರು ಬೇಕಾದರೂ ನೋಡುವಂತೆ ಬಿದ್ದಿವೆ ಎಂದು ಅದು ತೋರಿಸಿತು. ಬೀಗ ಮುರಿದು ಕಂಡದ್ದಲ್ಲ, ಬಾಗಿಲೇ ಇರಲಿಲ್ಲ. ಆದರೂ ಆಧಾರ್ ಪ್ರಾಧಿಕಾರ ಸಂಸ್ಥೆಗೆ ಪತ್ರ ಬರೆದು, ಹ್ಯಾಕ್ ಮಾಡದೆ ಇಂಥ ಮಾಹಿತಿ ಸಿಗಲಾರದು ಎಂಬ ಧಾಟಿಯಲ್ಲಿ ವಿವರ ಕೇಳಿತು. ನರೇಗಾ ಕೂಲಿಯ ಲೆಕ್ಕ ಗುಬ್ಬಿಯ ಹಳ್ಳಿಯಲ್ಲೂ ಇದೆ, ಕುಣಿಗಲ್ಲಿನ ಹಳ್ಳಿಯಲ್ಲೂ ಇದೆ. ಬಾಗಿಲಿಲ್ಲದ ಮನೆಯನ್ನು ತೋರಿಸಿದವನ ಕೈಗೆ ನೋಟಿಸು ಕೊಟ್ಟರೆ ಮುಂದಿನವನು ಬಾಯಿ ಮುಚ್ಚಿಕೊಂಡು ಹೋಗುತ್ತಾನೆ.

ಅದರ ಬೆಲೆಯನ್ನು ತೆರುವವರು ಹಳ್ಳಿಯವರೇ. 2023ರಲ್ಲಿ ಕ್ರಯಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧರಿತ ಪಾವತಿಯ ಮೂಲಕ ಬ್ಯಾಂಕ್ ಖಾತೆಯಿಂದ ಹಣ ಎತ್ತಿದ ಪ್ರಕರಣಗಳು ರಾಜ್ಯದಲ್ಲಿ ಸಾಲಾಗಿ ಬೆಳಕಿಗೆ ಬಂದವು. ಓಟಿಪಿ ಬರಲಿಲ್ಲ, ಯಾರೂ ಫೋನ್ ಮಾಡಲಿಲ್ಲ. ಹಣ ಮಾತ್ರ ಹೋಯಿತು. ಆಮೇಲೆ ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಡುವ ಕೆಲಸಕ್ಕೆ ಸರ್ಕಾರ ಕೈಹಾಕಿತು. ಬೆರಳಚ್ಚೇ ಪಾಸ್‌ವರ್ಡ್ ಆಗಿರುವ ದೇಶದಲ್ಲಿ ಅದನ್ನು ಕಾಗದದಲ್ಲಿ ಎದ್ದು ಕಾಣುವಂತೆ ಬಿಡಬಾರದು ಎಂದು ಹೇಳಲು ಮಹಾ ತಜ್ಞತೆ ಬೇಕಿಲ್ಲ. ಭದ್ರತೆ ಓದಿದ ಎರಡನೇ ವರ್ಷದ ವಿದ್ಯಾರ್ಥಿ ಒಂದು ಕ್ರಯಪತ್ರ ಕೈಗೆತ್ತಿಕೊಂಡು ನೋಡಿದರೆ ಹೇಳಬಲ್ಲ. ಕೇಳುವವರು ಇರಬೇಕಷ್ಟೆ.

ಕೇಳಿಸಿಕೊಳ್ಳುವುದಕ್ಕೂ ಕೇಳಿಸಿಕೊಳ್ಳದಿರುವುದಕ್ಕೂ ಇರುವ ಅಂತರಕ್ಕೆ ಎರಡು ಉದಾಹರಣೆ ಸಾಕು. 2017ರ ಆಗಸ್ಟ್ ಕೊನೆಯಲ್ಲಿ ಜೆಕ್ ವಿಶ್ವವಿದ್ಯಾಲಯವೊಂದರ ಸಂಶೋಧಕರು ಎಸ್ಟೋನಿಯಾ ಸರ್ಕಾರಕ್ಕೆ, ನಿಮ್ಮ ಗುರುತಿನ ಚೀಟಿಗಳ ಚಿಪ್ಪಿನಲ್ಲಿ ದೋಷವಿದೆ ಎಂದು ತಿಳಿಸಿದರು. ಸುಮಾರು ಏಳೂವರೆ ಲಕ್ಷ ಚೀಟಿಗಳ ಪ್ರಶ್ನೆ ಅದು. ವಾರದೊಳಗೆ ಸರ್ಕಾರ ತಾನೇ ಜನರಿಗೆ ವಿಷಯ ತಿಳಿಸಿ ದುರಸ್ತಿಗೆ ಇಳಿಯಿತು. ಇತ್ತ 2019ರ ಸೆಪ್ಟೆಂಬರ್ ಆರಂಭದಲ್ಲಿ, ಹಿಂದೆ ಸರ್ಕಾರದ ಗುಪ್ತಚರ ಸಂಸ್ಥೆಯಲ್ಲಿ ದುಡಿದಿದ್ದ ಸೈಬರ್ ತಜ್ಞ ಪುಖರಾಜ್ ಸಿಂಗ್ ಕೂಡಂಕುಳಂ ಅಣುಸ್ಥಾವರದ ಜಾಲಕ್ಕೆ ಕುತಂತ್ರಾಂಶ ನುಗ್ಗಿದೆ ಎಂದು ದೆಹಲಿಗೆ ತಿಳಿಸಿದರು. ಅಕ್ಟೋಬರ್ 29ರಂದು ಸ್ಥಾವರ ಅದು ಸಾಧ್ಯವೇ ಇಲ್ಲ ಎಂದಿತು. ಮರುದಿನವೇ ಅಣುವಿದ್ಯುತ್ ನಿಗಮ, ಆಡಳಿತ ವಿಭಾಗದ ಒಂದು ಕಂಪ್ಯೂಟರಿನಲ್ಲಿ ಅದು ಸಿಕ್ಕಿದ್ದು ನಿಜ ಎಂದು ಒಪ್ಪಿಕೊಂಡಿತು.

ತುಮಕೂರಿಗೆ ಇದೆಲ್ಲ ದೂರದ ಮಾತಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರವರಿ 6ರಂದು ಉದ್ಘಾಟನೆಯಾದದ್ದು. ಇದೇ ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ತುಮಕೂರು ನಗರ 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕ್ಯಾಮೆರಾಗಳೂ ನಿಯಂತ್ರಣ ಕೇಂದ್ರವೂ ಬಂದವು. ಕಾರ್ಖಾನೆಗೆ ತನ್ನದೇ ಭದ್ರತಾ ಪಡೆ ಇರುತ್ತದೆ. ಗುಬ್ಬಿಯ ಪಟ್ಟಣ ಪಂಚಾಯಿತಿಗೆ? ಕುಣಿಗಲ್ ಪುರಸಭೆಗೆ? ತಾಲ್ಲೂಕು ಆಸ್ಪತ್ರೆಗೆ? 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರಿಗೆ ಸಿಕ್ಕಿ, ಸುಮಾರು ಎರಡು ವಾರ ದೇಶದ ಅತಿದೊಡ್ಡ ಆಸ್ಪತ್ರೆಗಳಲ್ಲೊಂದು ಚೀಟಿ, ಪೆನ್ನು ಹಿಡಿದು ನಡೆಯಿತು. ಅಂಥ ಕಡೆಯೇ ಹಾಗಾದರೆ ತಾಲ್ಲೂಕಿನದು ಊಹಿಸಬಹುದು.

ಸಣ್ಣ ಊರನ್ನು ಯಾರು ಮುಟ್ಟುತ್ತಾರೆ ಎನ್ನುವವರು ಅಮೆರಿಕದ ಅಲಿಕ್ವಿಪ್ಪಾದ ಕಥೆ ಕೇಳಬೇಕು. ಪೆನ್ಸಿಲ್ವೇನಿಯಾದ ಈ ಸಣ್ಣ ಪಟ್ಟಣದ ನೀರು ಸರಬರಾಜು ಕೇಂದ್ರದ ಪಂಪ್ ನಿಯಂತ್ರಕವನ್ನು 2023ರ ನವೆಂಬರಿನಲ್ಲಿ ಇರಾನ್ ನಂಟಿನ ಗುಂಪೊಂದು ವಶಕ್ಕೆ ತೆಗೆದುಕೊಂಡಿತು. ಆ ಮಾದರಿಯ ಯಂತ್ರಗಳಿಗೆ ಕಾರ್ಖಾನೆಯಿಂದಲೇ ಬರುತ್ತಿದ್ದ ಪಾಸ್‌ವರ್ಡ್ 1111. ಬಹಳ ಕಡೆ ಯಾರೂ ಅದನ್ನು ಬದಲಿಸಿರಲಿಲ್ಲ. ಪಂಪನ್ನು ಕೈಯಿಂದ ನಡೆಸಿ ನೀರು ಕೊಟ್ಟರು. ಮರುವರ್ಷ, 2024ರ ಆಗಸ್ಟಿನಲ್ಲಿ, ಹ್ಯಾಕರುಗಳ ಹೆಸರಾಂತ ಸಮಾವೇಶ ಡೆಫ್ ಕಾನ್‌ನಲ್ಲಿ ‘ಫ್ರಾಂಕ್ಲಿನ್’ ಎಂಬ ಯೋಜನೆ ಹುಟ್ಟಿತು. ಫಿಲಡೆಲ್ಫಿಯಾದಲ್ಲಿ 1736ರಲ್ಲಿ ಸ್ವಯಂಸೇವಕರ ಅಗ್ನಿಶಾಮಕ ದಳ ಕಟ್ಟಿದ ಬೆಂಜಮಿನ್ ಫ್ರಾಂಕ್ಲಿನ್ ನೆನಪಿನ ಹೆಸರು. ಸುಮಾರು 350 ಮಂದಿ ಹೆಸರು ಕೊಟ್ಟರು. ಇಂಡಿಯಾನಾ, ಆರೆಗಾನ್, ಯೂಟಾ, ವರ್ಮಾಂಟ್ ರಾಜ್ಯಗಳ ಸಣ್ಣ ನೀರು ಮಂಡಳಿಗಳಿಗೆ ಹೋಗಿ ಕೆಲಸ ಆರಂಭಿಸಿದರು. ಪಾಸ್‌ವರ್ಡ್ ಬದಲಿಸುವುದು, ಯಾವ ಯಂತ್ರ ಇಂಟರ್ನೆಟ್ಟಿಗೆ ತೆರೆದಿದೆ ಎಂದು ಪಟ್ಟಿ ಮಾಡುವುದು, ಬೇಡದ ಬಾಗಿಲು ಮುಚ್ಚುವುದು. ಬಹುತೇಕ ಇಂಥ ಸರಳ ಕೆಲಸಗಳೇ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು ತುಮಕೂರಿನ ನಲ್ಲಿಗಳಿಗೆ ಹರಿಯುವ ದಾರಿಯಲ್ಲಿ ಒಂದೊಂದೇ ಪಂಪು, ಮೀಟರು ಕಂಪ್ಯೂಟರಿಗೆ ಜೋಡಣೆಯಾಗುತ್ತ ಹೋದಂತೆ ಈ ಸರಳ ಕೆಲಸ ಇಲ್ಲಿಗೂ ಬೇಕಾಗುತ್ತದೆ.

ಮಾಡುವವರಿಗೆ ಬರವಿಲ್ಲ. ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ 1963ರದ್ದು, ಸಿದ್ಧಾರ್ಥ ಕಾಲೇಜು 1979ರದ್ದು, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ವಿದ್ಯಾಲಯ 2001ರದ್ದು. ಬಿಟ್‌ಕಾಯಿನ್ ಎಂದರೆ ಏನೆಂದು ದೇಶಕ್ಕೆ ಗೊತ್ತಾಗುವ ಮೊದಲೇ, 2013ರಲ್ಲಿ, ಅದರ ವಹಿವಾಟಿನ ಕಂಪನಿ ಯೂನೊಕಾಯಿನ್ ತುಮಕೂರಿನವರಿಂದ ಹುಟ್ಟಿತು. ಅದೇ ಕಂಪನಿ 2017ರಲ್ಲಿ 60.6 ಬಿಟ್‌ಕಾಯಿನ್ ಕಳೆದುಕೊಂಡಾಗ ದೂರು ದಾಖಲಾದದ್ದು ತುಮಕೂರಿನ ಹೊಸ ಬಡಾವಣೆ ಠಾಣೆಯಲ್ಲಿ. ಎರಡು ವರ್ಷದ ಬಳಿಕ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೇ ಕನ್ನ ಬಿದ್ದು, ಗುತ್ತಿಗೆದಾರರ ಠೇವಣಿಯ 11.5 ಕೋಟಿ ರೂಪಾಯಿ ಹೊರಗೆ ಹೋಯಿತು. ಕನ್ನ ಹಾಕುವ ಕೈಗೆ ಇರುವ ಚಳಕವೇ ಕನ್ನ ಮುಚ್ಚುವ ಕೈಗೂ ಬೇಕು. ಇಪ್ಪತ್ತರ ಹರೆಯದಲ್ಲಿ ಆ ಚಳಕ ಕೂಡಿಬಂದ ಹುಡುಗ, ಹುಡುಗಿಗೆ ಯಾವ ಬಾಗಿಲು ಮೊದಲು ತೆರೆಯುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಅಮೆರಿಕದ ಬರ್ಕ್ಲಿ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ‘ಸೈಬರ್ ಕ್ಲಿನಿಕ್’ಗಳಿವೆ. ಕಾನೂನು ಕಾಲೇಜಿನ ಉಚಿತ ನೆರವು ಕೇಂದ್ರದಂತೆ, ವಿದ್ಯಾರ್ಥಿಗಳು ಅಧ್ಯಾಪಕರ ಉಸ್ತುವಾರಿಯಲ್ಲಿ ಸ್ಥಳೀಯ ಸಂಸ್ಥೆಗಳ ಭದ್ರತೆಯನ್ನು ಪರಿಶೀಲಿಸಿ ಸಲಹೆ ಕೊಡುತ್ತಾರೆ, ಅಂಕ ಪಡೆಯುತ್ತಾರೆ. ಗುಬ್ಬಿಯ ಕಾಲೇಜಿನಿಂದ ಗುಬ್ಬಿಯ ಪಟ್ಟಣ ಪಂಚಾಯಿತಿ ಎಷ್ಟು ದೂರ? ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟನ್ನು ಬೆಂಗಳೂರಿನ ಅಂಗಡಿಯಲ್ಲಿ ಕೊಂಡು ತರುವ ಬದಲು ಊರಿನ ಕಚೇರಿಯ ಹತ್ತು ಕಂಪ್ಯೂಟರುಗಳನ್ನು ಲಿಖಿತ ಅನುಮತಿಯೊಂದಿಗೆ ಪರೀಕ್ಷಿಸಿ ವರದಿ ಬರೆದರೆ, ಆ ವರದಿಗೆ ಬೆಲೆಯಿದೆ.

ಲಿಖಿತ ಅನುಮತಿ ಎಂಬುದನ್ನು ಒತ್ತಿ ಹೇಳಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳು, ಅನುಮತಿಯಿಲ್ಲದೆ ಕೆಟ್ಟ ಉದ್ದೇಶದಿಂದ ಕಂಪ್ಯೂಟರ್ ಪ್ರವೇಶಿಸಿದವರಿಗೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ಎನ್ನುತ್ತವೆ. ‘ಸರಿಪಡಿಸಲೆಂದು ನೋಡಿದೆ, ನೋಡಿದ್ದನ್ನು ನಿಮಗೇ ಹೇಳಿದೆ’ ಎನ್ನುವವನಿಗೆ ಕಾಯ್ದೆಯಲ್ಲಿ ಸ್ಪಷ್ಟವಾದ ರಕ್ಷಣೆಯಿಲ್ಲ. ಒಳ್ಳೆಯ ಉದ್ದೇಶವನ್ನು ಅವನು ಠಾಣೆಯಲ್ಲೋ ನ್ಯಾಯಾಲಯದಲ್ಲೋ ಸಾಬೀತು ಮಾಡಬೇಕು. ಬೆಲ್ಜಿಯಂ 2023ರಲ್ಲಿ ಇದಕ್ಕೆಂದೇ ಕಾನೂನು ತಂದು, ನಿಯಮ ಪಾಲಿಸಿ ದೋಷ ತಿಳಿಸುವವರಿಗೆ ಶಿಕ್ಷೆಯಿಂದ ವಿನಾಯಿತಿ ಕೊಟ್ಟಿತು. ನೆದರ್ಲೆಂಡ್ಸ್ ಸರ್ಕಾರ ದೋಷ ಹುಡುಕಿಕೊಟ್ಟವರಿಗೆ ‘ಡಚ್ ಸರ್ಕಾರವನ್ನು ಹ್ಯಾಕ್ ಮಾಡಿದ್ದಕ್ಕೆ ನನಗೆ ಸಿಕ್ಕಿದ್ದು ಈ ಹಾಳು ಟೀ ಶರ್ಟ್ ಮಾತ್ರ’ ಎಂದು ಅಚ್ಚಾದ ಅಂಗಿ ಕಳಿಸುತ್ತದೆ. ಅದನ್ನು ತೊಟ್ಟು ತಿರುಗುವುದು ಅಲ್ಲಿನ ಹುಡುಗರಿಗೆ ಹೆಮ್ಮೆ. ಅಮೆರಿಕದ ರಕ್ಷಣಾ ಇಲಾಖೆ 2016ರಲ್ಲಿ ‘ಹ್ಯಾಕ್ ದ ಪೆಂಟಗನ್’ ಎಂದು ಆಹ್ವಾನವನ್ನೇ ಕೊಟ್ಟಾಗ 1,400ಕ್ಕೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದರು. ಮೊದಲ ದೋಷದ ವರದಿ 13 ನಿಮಿಷದಲ್ಲಿ ಬಂತು, ಒಟ್ಟು 138 ನಿಜವಾದ ದೋಷಗಳು ಸಿಕ್ಕವು.

ಭಾರತಕ್ಕೂ ಇದು ಹೊಸತಲ್ಲ. 2020ರ ಮೇ 26ರಂದು ಆರೋಗ್ಯ ಸೇತು ಆ್ಯಪಿನ ಕೋಡನ್ನು ತೆರೆದಿಟ್ಟು, ದೋಷ ಹುಡುಕಿದವರಿಗೆ ಬಹುಮಾನ ಘೋಷಿಸಿದ್ದು ನಮ್ಮದೇ ಸರ್ಕಾರ. 2022ರಲ್ಲಿ ಆಧಾರ್ ಪ್ರಾಧಿಕಾರವೇ 20 ಎಥಿಕಲ್ ಹ್ಯಾಕರುಗಳನ್ನು ಆರಿಸಿಕೊಳ್ಳಲು ಸುತ್ತೋಲೆ ಹೊರಡಿಸಿತು. ಐದು ವರ್ಷದ ಹಿಂದೆ ವರದಿ ಬರೆದವರಿಗೆ ಪತ್ರ ಕಳಿಸಿದ್ದ ಅದೇ ಪ್ರಾಧಿಕಾರ. ಸರ್ಟ್-ಇನ್ ಮತ್ತು ಎನ್‌ಸಿಐಐಪಿಸಿ ಎರಡೂ ಹೊರಗಿನವರು ಕೊಡುವ ದೋಷದ ವರದಿಯನ್ನು ಸ್ವೀಕರಿಸುತ್ತವೆ. ಬಾಗಿಲು ಇದೆ, ಆದರೆ ದೆಹಲಿಯಲ್ಲಿದೆ, ಇಂಗ್ಲಿಷಿನಲ್ಲಿದೆ, ಕುಣಿಗಲ್ಲಿನ ಹುಡುಗನಿಗೆ ಅದರ ವಿಳಾಸ ಗೊತ್ತಿಲ್ಲ.

ಸ್ವಯಂಸೇವೆಯ ಹೆಸರಿನಲ್ಲಿ ಆಗಬಾರದ್ದೂ ಇದೆ. 2025ರ ಮೇ ತಿಂಗಳ ಭಾರತ-ಪಾಕಿಸ್ತಾನ ಸಂಘರ್ಷದ ದಿನಗಳಲ್ಲಿ ಭಾರತದ ಜಾಲತಾಣಗಳ ಮೇಲೆ ಸುಮಾರು 15 ಲಕ್ಷ ದಾಳಿಗಳ ಯತ್ನವಾಗಿ ಕೇವಲ 150 ಫಲಿಸಿದವು ಎಂದು ಮಹಾರಾಷ್ಟ್ರದ ಸೈಬರ್ ಪೊಲೀಸರು ಹೇಳಿದರು. ಅಂಥ ಹೊತ್ತಿನಲ್ಲಿ ಬಿಸಿರಕ್ತದ ಹುಡುಗರು ಆಚೆಯ ದೇಶದ ಜಾಲತಾಣ ಕೆಡಿಸಿ ಪೌರುಷ ಮೆರೆಯಲು ಹೊರಡುವುದು ಸಹಜ. ಅದು ರಕ್ಷಣೆಯಲ್ಲ. ನಮ್ಮ ಏರಿ ಸೋರುತ್ತಿರುವಾಗ ಪಕ್ಕದೂರಿನ ತೂಬು ಒಡೆಯಲು ಹೋದವನಿಂದ ನಮ್ಮ ಗದ್ದೆ ಉಳಿಯುವುದಿಲ್ಲ. ಹಾಗೆಯೇ ಯಾರೆಂದು ವಿಚಾರಿಸದೆ ಸರ್ಕಾರಿ ಸರ್ವರಿನ ಕೀಲಿ ಕೊಡುವುದೂ ಅಪಾಯ. ಎಸ್ಟೋನಿಯಾ ತಪಾಸಣೆ ಮಾಡುವುದು ಅದಕ್ಕೇ.

ಆಗಬೇಕಾದ್ದಕ್ಕೆ ಮಾದರಿ ಹೊರದೇಶದಿಂದಲೇ ಬರಬೇಕಿಲ್ಲ. ತುಮಕೂರಿನ ಜಾತ್ರೆಯಲ್ಲಿ, ಚುನಾವಣೆಯಲ್ಲಿ, ನೆರೆಯಲ್ಲಿ ಪೊಲೀಸರ ಪಕ್ಕದಲ್ಲಿ ನಿಲ್ಲುವ ಖಾಕಿ ಬಟ್ಟೆಯ ಗೃಹರಕ್ಷಕರನ್ನು ಎಲ್ಲರೂ ನೋಡಿದ್ದಾರೆ. ಬೇರೆ ಕಸುಬು ಮಾಡಿಕೊಂಡಿದ್ದು ಕರೆದಾಗ ಬರುವ ಸ್ವಯಂಸೇವಕರು ಅವರು. ಅವರ ಹಿನ್ನೆಲೆ ವಿಚಾರಿಸಿ, ತರಬೇತಿ ಕೊಟ್ಟು, ಕರ್ತವ್ಯದ ದಿನಕ್ಕೆ ಭತ್ಯೆ ಕೊಟ್ಟು, ಕಾನೂನಿನ ರಕ್ಷಣೆ ಕೊಟ್ಟು ದಳ ಕಟ್ಟಿದ್ದೇವೆ. ಸೈಬರ್ ಭದ್ರತೆಗೂ ಜಿಲ್ಲೆಗೊಂದು ಅಂಥ ದಳ ಸಾಕು. ಜೊತೆಗೆ ದೋಷ ತಿಳಿಸಲು ಕನ್ನಡದಲ್ಲಿ ಒಂದೇ ಒಂದು ವಿಳಾಸ, ತಿಳಿಸಿದವನ ಮೇಲೆ ಪ್ರಕರಣ ಹೂಡುವುದಿಲ್ಲ ಎಂಬ ಸರ್ಕಾರಿ ಆದೇಶ. 2023ರಲ್ಲಿ ರಾಜ್ಯದ ಗೃಹ ಸಚಿವರಾದ ಜಿ. ಪರಮೇಶ್ವರ ಇದೇ ಜಿಲ್ಲೆಯ ಕೊರಟಗೆರೆಯ ಶಾಸಕರು, ತಾಂತ್ರಿಕ ಕಾಲೇಜು ನಡೆಸುವ ಮನೆತನದವರು. ಮೊದಲ ದಳ ತುಮಕೂರಿನಲ್ಲೇ ಹುಟ್ಟಲಿ ಎಂದು ಕೇಳುವ ಹಕ್ಕು ಜಿಲ್ಲೆಯ ಜನರಿಗಿದೆ, ಕೇಳಬೇಕು ಕೂಡ.

ಗೃಹರಕ್ಷಕ ದಳಕ್ಕಾಗಿ ಕರ್ನಾಟಕದಲ್ಲಿ 1962ರಿಂದ ಕಾಯ್ದೆಯಿದೆ. ಸೈಬರ್ ಸ್ವಯಂಸೇವಕರಿಗಾಗಿ ಒಂದು ಸಾಲೂ ಇಲ್ಲ.